‘ಸಿದ್ಧಾರ್ಥ’ನ ಶ್ರಮಣರು: ಅನ್ವೇಷಣೆಯ ಕಾದಂಬರಿಯೂ ಹಿನ್ನೆಲೆಯ ಅಧ್ಯಯನವೂ

ಸತ್ಯವನ್ನರಸಿ ಮನೆಬಿಟ್ಟು ಹೊರಡುವವನ ಕಥೆ ಎಲ್ಲ ಕಾಲದ, ಎಲ್ಲ ದೇಶದ ಸಾಹಿತ್ಯದಲ್ಲಿಯೂ ಕಂಡುಬರುತ್ತದೆ. ನಮ್ಮ ಪುರಾಣಗಳ ಭವಾವಳಿಗಳು ಒಂದರ್ಥದಲ್ಲಿ ಇಂಥ ಕಥೆಗಳೇ. ಅಲ್ಲಿ ಜೀವವು ಒಂದು ಜನ್ಮದಲ್ಲಲ್ಲ, ಹಲವು ಜನ್ಮಗಳ ಉದ್ದಕ್ಕೂ ತನ್ನ ನಿಜಸ್ವರೂಪವನ್ನು ಹುಡುಕುತ್ತ ಸಾಗುತ್ತದೆ. ಪಾಶ್ಚಾತ್ಯರಲ್ಲಿ ಸರ್ವಾಂಟಿಸನ ‘ಡಾನ್ ಕ್ವಿಕ್ಸೋಟ್’ (1605 ಮತ್ತು 1615), ಬನಿಯನ್ನನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ (1678) ಮೊದಲಾದವು ಈ ಜಾತಿಯ ಪ್ರಸಿದ್ಧ ಕೃತಿಗಳು. ಒಬ್ಬ ಅನ್ವೇಷಕ, ಅವನು ಅರಸುವ ಒಂದು ಗುರಿ, ಹಾದಿಯಲ್ಲಿ ಎದುರಾಗುವ ಎಡರುಗಳು, ದಾರಿ ತೋರುವ ಅಥವಾ ದಾರಿ ತಪ್ಪಿಸುವ ಕೆಲವರು, ಕೊನೆಯಲ್ಲಿ ಹೊರಗಿನ ಗುರಿಗಿಂತ ಹೆಚ್ಚಾಗಿ ತನ್ನನ್ನೇ ಅರಿತುಕೊಳ್ಳುವುದು, ಇವಿಷ್ಟು ಸಾಮಾನ್ಯವಾಗಿ ಈ ಕಥೆಗಳ ಚೌಕಟ್ಟು. ಇಂದು ಸಾಹಿತ್ಯದ ತರಗತಿಗಳಲ್ಲಿ ಇವುಗಳನ್ನು ‘ಅನ್ವೇಷಣೆಯ ಕಾದಂಬರಿ’ ಎಂಬ ಪ್ರತ್ಯೇಕ ವರ್ಗವಾಗಿ ಬೋಧಿಸುವ ರೂಢಿ ಇದೆ.

ಇಂಥ ಕಾದಂಬರಿಯನ್ನು ಪಾಠಕ್ಕಿಟ್ಟಾಗ ಅಧ್ಯಾಪಕರು ವಿದ್ಯಾರ್ಥಿಗಳಿಗೆ ಹಿನ್ನೆಲೆಯ ವಿಷಯಗಳನ್ನು ಸಂಗ್ರಹಿಸಿ ತರುವಂತೆ ಹೇಳುವುದುಂಟು. ಲೇಖಕನ ಜೀವನ, ಕಥೆ ನಡೆಯುವ ದೇಶಕಾಲ, ಅಲ್ಲಿನ ಮತಧರ್ಮ, ಆಚಾರ ಇತ್ಯಾದಿ. ವಿದ್ಯಾರ್ಥಿಗಳು ನಾಲ್ಕು ಪುಟಗಳ ಟಿಪ್ಪಣಿ ಬರೆದು ಒಪ್ಪಿಸುತ್ತಾರೆ. ಬಳಿಕ ಆ ಟಿಪ್ಪಣಿಗೂ ಕಾದಂಬರಿಗೂ ಯಾವ ಸಂಬಂಧವೂ ಇಲ್ಲವೆಂಬಂತೆ ಪಾಠ ಮುಂದುವರಿಯುತ್ತದೆ. ಹಿನ್ನೆಲೆಯ ಅಧ್ಯಯನವೆಂದರೆ ಕೇವಲ ಮಾಹಿತಿಯ ಶೇಖರಣೆಯೇ? ಅದು ಕೃತಿಯ ಅರ್ಥವನ್ನು ನಿಜವಾಗಿ ಬದಲಿಸಬಲ್ಲದೇ? ಈ ಪ್ರಶ್ನೆಯನ್ನು ನಮ್ಮ ಸಮಾಜಕ್ಕೆ ನೇರವಾಗಿ ಸಂಬಂಧಿಸಿದ ಒಂದು ಕೃತಿಯ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಆ ಕೃತಿ ಜರ್ಮನ್ ಲೇಖಕ ಹರ್ಮನ್ ಹೆಸ್ಸೆಯ ‘ಸಿದ್ಧಾರ್ಥ’.

1922ರಲ್ಲಿ ಬರ್ಲಿನ್ನಿನಿಂದ ಪ್ರಕಟವಾದ ಈ ಚಿಕ್ಕ ಕಾದಂಬರಿ 1951ರಲ್ಲಿ ಹಿಲ್ಡಾ ರೋಸ್ನರ್ ಅವರ ಅನುವಾದದ ಮೂಲಕ ಇಂಗ್ಲಿಷಿಗೆ ಬಂದಿತು. 1960ರ ದಶಕದಲ್ಲಿ ಅಮೆರಿಕದ ತರುಣರ ಕೈಪಿಡಿಯೇ ಆಯಿತು. 1972ರಲ್ಲಿ ಶಶಿ ಕಪೂರ್ ನಾಯಕನಾಗಿ ಅಭಿನಯಿಸಿದ ಚಲನಚಿತ್ರವೂ ಬಂದಿತು. ಹೊರದೇಶಗಳ ಶಾಲೆಗಳಲ್ಲಿ ಅನ್ವೇಷಣೆಯ ಕಾದಂಬರಿಗೆ ಉದಾಹರಣೆಯಾಗಿ ಇದನ್ನು ಇಂದಿಗೂ ಓದಿಸುತ್ತಾರೆ. ಆ ತರಗತಿಗಳಲ್ಲಿ ನಮ್ಮ ಶ್ರಾವಕ ಕುಟುಂಬಗಳ ಮಕ್ಕಳೂ ಕುಳಿತಿರುತ್ತಾರೆಂಬುದನ್ನು ಮರೆಯುವಂತಿಲ್ಲ.

ಕಥೆಯನ್ನು ಅರಿಯದ ಓದುಗರಿಗಾಗಿ ಅದರ ಸಾರವನ್ನು ಇಲ್ಲಿ ಹೇಳುವುದು ಅವಶ್ಯ. ಸಿದ್ಧಾರ್ಥನು ಬ್ರಾಹ್ಮಣಪುತ್ರ. ಯಜ್ಞಯಾಗಗಳಲ್ಲಿ ತೃಪ್ತಿ ಕಾಣದೆ, ಗೆಳೆಯ ಗೋವಿಂದನೊಡನೆ ಊರಿನ ಮೂಲಕ ಹಾದುಹೋಗುವ ‘ಸಮಣ’ರನ್ನು, ಎಂದರೆ ಶ್ರಮಣರನ್ನು, ಸೇರುತ್ತಾನೆ. ಮೂರು ವರ್ಷಗಳ ಬಳಿಕ ಅವರನ್ನೂ ಬಿಟ್ಟು ಗೌತಮ ಬುದ್ಧನ ಉಪದೇಶವನ್ನು ಕೇಳುತ್ತಾನೆ. ಗೋವಿಂದನು ಬುದ್ಧನ ಸಂಘವನ್ನು ಸೇರುತ್ತಾನೆ. ಸಿದ್ಧಾರ್ಥನು ಮಾತ್ರ, ಅರಿವನ್ನು ಬೋಧನೆಯಿಂದ ಪಡೆಯಲಾಗದೆಂದು ಒಬ್ಬನೇ ಹೊರಟುಬಿಡುತ್ತಾನೆ. ಆಮೇಲೆ ಕಮಲೆಯೆಂಬ ಗಣಿಕೆಯ ಸಹವಾಸ, ಕಾಮಸ್ವಾಮಿಯೆಂಬ ವರ್ತಕನ ಬಳಿ ವ್ಯಾಪಾರ, ಸಂಪತ್ತು, ಜೂಜು, ಜುಗುಪ್ಸೆ. ನದಿಯಲ್ಲಿ ಬಿದ್ದು ಸಾಯಲು ಹೊರಟವನು ಅದೇ ನದಿಯ ದಡದಲ್ಲಿ ವಾಸುದೇವನೆಂಬ ಅಂಬಿಗನ ಸಂಗಡಿಗನಾಗುತ್ತಾನೆ. ತನ್ನ ಮಗನೇ ತನ್ನನ್ನು ತೊರೆದು ಓಡಿಹೋದಾಗ, ತಾನು ತಂದೆಯನ್ನು ತೊರೆದ ನೋವು ಏನೆಂಬುದು ಅವನಿಗೆ ತಿಳಿಯುತ್ತದೆ. ಕೊನೆಗೆ ನದಿಯ ನಾದದಲ್ಲಿ ಸಕಲ ಜೀವನದ ಐಕ್ಯವನ್ನು ಕಾಣುತ್ತಾನೆ.

ನಮ್ಮ ಚರ್ಚೆಗೆ ಮುಖ್ಯವಾದದ್ದು ಎರಡನೆಯ ಅಧ್ಯಾಯ, ಶ್ರಮಣರ ಸಂಗದ ಅಧ್ಯಾಯ. ಅಲ್ಲಿ ಸಿದ್ಧಾರ್ಥನು ಮೊದಲು ಹದಿನೈದು ದಿನ, ಬಳಿಕ ಇಪ್ಪತ್ತೆಂಟು ದಿನ ಉಪವಾಸ ಮಾಡುತ್ತಾನೆ. ಬಿಸಿಲಲ್ಲಿ ನಿಲ್ಲುತ್ತಾನೆ, ಮಳೆಯಲ್ಲಿ ನಿಲ್ಲುತ್ತಾನೆ, ಮುಳ್ಳುಗಳ ನಡುವೆ ಕುಳಿತುಕೊಳ್ಳುತ್ತಾನೆ, ಉಸಿರನ್ನು ನಿಗ್ರಹಿಸಲು ಕಲಿಯುತ್ತಾನೆ. ಆದರೂ ‘ನಾನು’ ಎಂಬುದು ಮತ್ತೆ ಮತ್ತೆ ಹಿಂದಿರುಗುತ್ತದೆ. ಆಗ ಅವನು ಗೋವಿಂದನಿಗೆ ಹೇಳುವ ಮಾತಿನ ತಾತ್ಪರ್ಯವಿಷ್ಟು: ಈ ತಪಸ್ಸಿನಿಂದ ದೊರೆಯುವುದು ತಾತ್ಕಾಲಿಕವಾದ ಮರವೆ ಮಾತ್ರ, ಅಂಥ ಮರವೆಯನ್ನು ಗಾಡಿ ಹೊಡೆಯುವವನು ಹೆಂಡದಂಗಡಿಯಲ್ಲಿಯೂ ಪಡೆಯುತ್ತಾನೆ. ಅಧ್ಯಾಯದ ಅಂತ್ಯದಲ್ಲಿ, ಶಿಷ್ಯರು ಹೊರಟುಹೋಗುತ್ತಾರೆಂದು ಹಿರಿಯ ಶ್ರಮಣನು ಕೋಪಗೊಳ್ಳುತ್ತಾನೆ. ಸಿದ್ಧಾರ್ಥನು ತನ್ನ ದೃಷ್ಟಿಬಲದಿಂದ ಅವನನ್ನೇ ವಶಪಡಿಸಿಕೊಂಡು ಆಶೀರ್ವಾದ ಪಡೆದು ಹೊರಡುತ್ತಾನೆ.

ಹಿನ್ನೆಲೆಯನ್ನು ಅರಿಯದ ತರಗತಿಯು ಇಲ್ಲಿಂದ ಸುಲಭವಾಗಿ ತೆಗೆಯುವ ತೀರ್ಮಾನವೆಂದರೆ, ಭಾರತದ ಶ್ರಮಣರು ದೇಹವನ್ನು ಹಿಂಸಿಸಿಕೊಳ್ಳುತ್ತಿದ್ದ ಒಂದು ಗುಂಪು. ತಪಸ್ಸೆಂಬುದು ನಿರರ್ಥಕವಾದ ಆತ್ಮಪೀಡನೆ. ಇದನ್ನು ಕೇಳಿದ ಜೈನ ವಿದ್ಯಾರ್ಥಿಯ ಮುಂದೆ ಎರಡು ದಾರಿಗಳು ತೆರೆಯುತ್ತವೆ. ತನ್ನ ಮನೆಯಲ್ಲಿ ಅಜ್ಜಿ ಆಚರಿಸುವ ಅಷ್ಟಾಹ್ನಿಕದ ಉಪವಾಸವನ್ನು ನೆನೆದು ನಾಚಿಕೊಳ್ಳುವುದು ಒಂದು; ಕಾದಂಬರಿಯನ್ನೇ ಧರ್ಮನಿಂದೆಯೆಂದು ಹಳಿದು ಪುಸ್ತಕವನ್ನು ಮುಚ್ಚುವುದು ಇನ್ನೊಂದು. ನಾಚಿಕೆಯಾಗಲಿ ಸಿಟ್ಟಾಗಲಿ ಅಧ್ಯಯನದ ಸ್ಥಾನವನ್ನು ತುಂಬಲಾರದು. ಎರಡೂ ಅಜ್ಞಾನದ ಒಂದೇ ಬೇರಿನಿಂದ ಹುಟ್ಟಿದವು. ಹಿನ್ನೆಲೆಯ ಅಧ್ಯಯನದ ನಿಜವಾದ ಅಗತ್ಯ ಇಲ್ಲಿದೆ.

ಮೊದಲು ಲೇಖಕನ ಹಿನ್ನೆಲೆಯನ್ನು ನೋಡೋಣ. ಹೆಸ್ಸೆ 1877ರಲ್ಲಿ ದಕ್ಷಿಣ ಜರ್ಮನಿಯ ಕಾಲ್ವ್ ಎಂಬ ಪಟ್ಟಣದಲ್ಲಿ ಜನಿಸಿದನು. ಅವನ ತಾಯಿ ಮರೀ ಹುಟ್ಟಿದ್ದು 1842ರಲ್ಲಿ, ನಮ್ಮ ನೆರೆಯ ಮಲಬಾರಿನ ತಲಶೇರಿಯಲ್ಲಿ. ತಾಯಿಯ ತಂದೆ ಹರ್ಮನ್ ಗುಂಡರ್ಟ್ ಬಾಸೆಲ್ ಮಿಷನ್ನಿನ ಪಾದ್ರಿ. 1872ರಲ್ಲಿ ಮಲಯಾಳ–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಮಹಾವಿದ್ವಾಂಸ. ತಂದೆ ಯೊಹಾನೆಸ್ ಹೆಸ್ಸೆಯೂ ಅದೇ ಮಿಷನ್ನಿನ ಪಾದ್ರಿಯಾಗಿ ಭಾರತಕ್ಕೆ ಬಂದು, ಆರೋಗ್ಯ ಕೆಟ್ಟು 1873ರಲ್ಲಿ ಹಿಂದಿರುಗಿದವನು. ಕನ್ನಡಿಗರಿಗೆ ಬಾಸೆಲ್ ಮಿಷನ್ ಅಪರಿಚಿತವಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಮೋಗ್ಲಿಂಗ್, ಕನ್ನಡ–ಇಂಗ್ಲಿಷ್ ನಿಘಂಟನ್ನು (1894) ರಚಿಸಿದ ಕಿಟ್ಟೆಲ್ ಇಬ್ಬರೂ ಅದೇ ಸಂಸ್ಥೆಯವರು. ಜೈನ ವೈಯಾಕರಣ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಕಿಟ್ಟೆಲ್ 1872ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರೆಂಬುದನ್ನು ನಾವು ಕೃತಜ್ಞತೆಯಿಂದ ಸ್ಮರಿಸಬೇಕು. ಬನಿಯನ್ನನ ಯಾತ್ರಿಕನ ಕಥೆಯು ಹತ್ತೊಂಬತ್ತನೆಯ ಶತಮಾನದಲ್ಲಿ ‘ಯಾತ್ರಿಕನ ಸಂಚಾರ’ವೆಂಬ ಹೆಸರಿನಿಂದ ಕನ್ನಡಕ್ಕೆ ಬಂದದ್ದೂ ಪಾದ್ರಿಗಳ ಮೂಲಕವೇ.

ಹೀಗೆ ಭಾರತವನ್ನು ಮನೆಯ ಮಾತಾಗಿ ಕೇಳುತ್ತ ಬೆಳೆದ ಹೆಸ್ಸೆಗೆ ಆ ಮನೆಯ ಕಟ್ಟುನಿಟ್ಟಾದ ಕ್ರೈಸ್ತ ಶಿಸ್ತು ಉಸಿರುಕಟ್ಟಿಸಿತು. ಪಾದ್ರಿಯಾಗಲೆಂದು ಮೌಲ್‌ಬ್ರಾನ್ನಿನ ಗುರುಕುಲಕ್ಕೆ ಕಳುಹಿಸಿದರೆ, 1892ರಲ್ಲಿ ಅಲ್ಲಿಂದ ಓಡಿಹೋದನು. ದೇಹವನ್ನೂ ಇಚ್ಛೆಯನ್ನೂ ಮುರಿಯುವುದೇ ಧರ್ಮವೆಂಬ ಬೋಧನೆಯ ವಿರುದ್ಧ ಅವನ ಬಂಡಾಯ ಜೀವನಪರ್ಯಂತ ನಡೆಯಿತು. ‘ಸಿದ್ಧಾರ್ಥ’ದಲ್ಲಿ ತಂದೆಯ ಮನೆಯನ್ನು ಬಿಟ್ಟು ಹೊರಡುವ ಬ್ರಾಹ್ಮಣಪುತ್ರನ ಹಿಂದೆ ಪಾದ್ರಿಯ ಮನೆಯನ್ನು ಬಿಟ್ಟ ಜರ್ಮನ್ ಹುಡುಗನಿದ್ದಾನೆ. ಕಾದಂಬರಿಯ ಶ್ರಮಣರ ಮೇಲೆ ಬಿದ್ದಿರುವ ನೆರಳಿನಲ್ಲಿ ಒಂದಷ್ಟು ಭಾಗ ಭಾರತದ್ದಲ್ಲ, ಕಾಲ್ವ್ ಪಟ್ಟಣದ್ದು.

ಇನ್ನೂ ಒಂದು ಸಂಗತಿ ಇದೆ. 1911ರಲ್ಲಿ ಹೆಸ್ಸೆ ಪೂರ್ವದೇಶಗಳಿಗೆ ಪ್ರಯಾಣ ಕೈಗೊಂಡನು. ಸಿಂಹಳ, ಪೆನಾಂಗ್, ಸಿಂಗಪುರ, ಸುಮಾತ್ರಗಳನ್ನು ಕಂಡನು; ತನ್ನ ತಾಯಿ ಹುಟ್ಟಿದ ಮಲಬಾರಿಗೆ ಬರಲಿಲ್ಲ. ಅವನ ಭಾರತವು ಗ್ರಂಥಗಳಿಂದ ದೊರೆತ ಭಾರತ: ಡಾಯ್ಸನ್ ಅನುವಾದಿಸಿದ ಉಪನಿಷತ್ತುಗಳು, ನಾಯ್‌ಮನ್ ಅನುವಾದಿಸಿದ ಬುದ್ಧವಚನಗಳು, ಭಗವದ್ಗೀತೆ ಮತ್ತು ಇವುಗಳ ಜೊತೆಗೆ ಚೀನಾದ ಲಾವೋತ್ಸೆಯ ಚಿಂತನೆ. ಕೃತಿಗೆ ಅವನೇ ಕೊಟ್ಟ ಉಪಶೀರ್ಷಿಕೆ ‘ಒಂದು ಭಾರತೀಯ ಕಾವ್ಯರಚನೆ’ ಎಂಬರ್ಥದ್ದು; ಚರಿತ್ರೆಯನ್ನು ಬರೆಯುತ್ತಿದ್ದೇನೆಂದು ಅವನು ಎಲ್ಲಿಯೂ ಹೇಳಲಿಲ್ಲ. 1919ರ ಕೊನೆಗೆ ಆರಂಭಿಸಿದ ಬರವಣಿಗೆ ಮಧ್ಯದಲ್ಲಿ ನಿಂತುಹೋಯಿತು. ತಪಸ್ವಿಯ ತಳಮಳವನ್ನು ಬರೆದಷ್ಟು ಸುಲಭವಾಗಿ, ಗುರಿಮುಟ್ಟಿದವನ ಶಾಂತಿಯನ್ನು ಬರೆಯಲು ಅವನಿಂದಾಗಲಿಲ್ಲ. ತಾನು ಬಾಳದೆ ಇದ್ದುದನ್ನು ಬರೆಯುವುದು ಹೇಗೆಂಬ ಶಂಕೆ ಅವನನ್ನು ಒಂದು ವರ್ಷಕ್ಕೂ ಹೆಚ್ಚುಕಾಲ ತಡೆಯಿತು. ಇದು ಲೇಖಕನ ಪ್ರಾಮಾಣಿಕತೆಗೆ ಸಾಕ್ಷಿ. ನಾವು ಅವನನ್ನು ಟೀಕಿಸುವಾಗ ಈ ಪ್ರಾಮಾಣಿಕತೆಯನ್ನು ಮರೆಯಬಾರದು.

ಎರಡನೆಯದು, ಕಥೆ ನಡೆಯುವ ಲೋಕದ ಹಿನ್ನೆಲೆ. ಹೆಸ್ಸೆ ಬಳಸುವ ‘ಸಮಣ’ ಎಂಬುದು ಪ್ರಾಕೃತ ಮತ್ತು ಪಾಲಿ ಭಾಷೆಗಳ ರೂಪ, ಸಂಸ್ಕೃತದಲ್ಲಿ ‘ಶ್ರಮಣ’. ಶ್ರಮ, ಶಮ, ಸಮ ಎಂಬ ಮೂರು ಅರ್ಥಗಳನ್ನೂ ನಮ್ಮ ಹಿರಿಯರು ಈ ಪದದಲ್ಲಿ ಕಂಡಿದ್ದಾರೆ: ಸ್ವಪ್ರಯತ್ನ, ಕಷಾಯಗಳ ಶಮನ, ಸಕಲ ಜೀವಿಗಳಲ್ಲಿ ಸಮಭಾವ. ಆ ಕಾಲದಲ್ಲಿ ಶ್ರಮಣರೆಂದರೆ ಒಂದೇ ಪಂಥವಲ್ಲ. ಬೌದ್ಧರ ಸಾಮಞ್ಞಫಲ ಸುತ್ತವು ಬುದ್ಧನ ಸಮಕಾಲೀನರಾದ ಆರು ಮಂದಿ ಆಚಾರ್ಯರನ್ನು ಹೆಸರಿಸುತ್ತದೆ. ಆಜೀವಕರ ಮಕ್ಖಲಿ ಗೋಸಾಲ ಅವರಲ್ಲೊಬ್ಬ, ‘ನಿಗಂಠ ನಾತಪುತ್ತ’ನೆಂದು ಕರೆದಿರುವ ಭಗವಾನ್ ಮಹಾವೀರರು ಇನ್ನೊಬ್ಬರು. ನಿಯತಿವಾದಿಗಳು, ಭೌತವಾದಿಗಳು, ಸಂಶಯವಾದಿಗಳು ಎಲ್ಲರೂ ಆ ಸಾಲಿನಲ್ಲಿದ್ದಾರೆ. ಹೆಸ್ಸೆಯ ಸಮಣರು ಇವರಲ್ಲಿ ಯಾರು? ಕಾದಂಬರಿ ಹೇಳುವುದಿಲ್ಲ. ಅವರಿಗೆ ಗುರುಪರಂಪರೆಯ ಹೆಸರಿಲ್ಲ, ಶಾಸ್ತ್ರವಿಲ್ಲ, ವ್ರತಗಳ ಪ್ರಸ್ತಾಪವಿಲ್ಲ. ಆದುದರಿಂದ ‘ಇವರು ಜೈನಮುನಿಗಳು’ ಎಂಬ ಮಾತನ್ನು ತರಗತಿಯಲ್ಲಿ ಯಾರಾದರೂ ಆಡಿದರೆ ಅದಕ್ಕೆ ಕೃತಿಯಲ್ಲಿ ಆಧಾರವಿಲ್ಲ. ಇಷ್ಟನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು.

ಹೆಸ್ಸೆಯ ಕಾಲದ ಜರ್ಮನಿಯಲ್ಲಿ ಜೈನಧರ್ಮದ ತಿಳಿವಳಿಕೆ ಇರಲಿಲ್ಲವೇ ಎಂದರೆ, ವಿದ್ವಾಂಸರಲ್ಲಿ ಧಾರಾಳವಾಗಿ ಇತ್ತು. ಜೈನಧರ್ಮವು ಬೌದ್ಧಧರ್ಮದ ಶಾಖೆಯಲ್ಲ, ಸ್ವತಂತ್ರವೂ ಪ್ರಾಚೀನವೂ ಆದ ಧರ್ಮವೆಂದು ಹರ್ಮನ್ ಯಾಕೋಬಿ ಆ ವೇಳೆಗೆ ಸಪ್ರಮಾಣವಾಗಿ ತೋರಿಸಿದ್ದನು. ಅವನು ಇಂಗ್ಲಿಷಿಗೆ ಅನುವಾದಿಸಿದ ಜೈನಸೂತ್ರಗಳ ಎರಡು ಸಂಪುಟಗಳು 1884 ಮತ್ತು 1895ರಲ್ಲಿ ಹೊರಬಂದಿದ್ದವು. ಆದರೆ ಸಾಮಾನ್ಯ ವಾಚಕರ ಕೈಗೆ ಬುದ್ಧನ ಕಥೆ ತಲುಪಿದಷ್ಟು ಸುಲಭವಾಗಿ ಮಹಾವೀರರ ಬೋಧೆ ತಲುಪಿರಲಿಲ್ಲ. ಹೆಲ್ಮುಟ್ ಫಾನ್ ಗ್ಲಾಸನಾಪ್ ಜೈನಧರ್ಮವನ್ನು ಕುರಿತ ತನ್ನ ವಿಸ್ತಾರವಾದ ಗ್ರಂಥವನ್ನು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ್ದು 1925ರಲ್ಲಿ, ಎಂದರೆ ‘ಸಿದ್ಧಾರ್ಥ’ ಬಂದ ಮೂರು ವರ್ಷಗಳ ನಂತರ. ಇಸವಿಗಳನ್ನು ಹೀಗೆ ಪಕ್ಕಪಕ್ಕದಲ್ಲಿ ಇಟ್ಟು ನೋಡುವುದರಿಂದ, ಕಾದಂಬರಿಯಲ್ಲಿ ಬುದ್ಧನಿಗೆ ಮುಖವಿದ್ದು ಶ್ರಮಣರಿಗೆ ಮುಖವಿಲ್ಲದಿರುವುದರ ಕಾರಣವನ್ನು ಊಹಿಸಬಹುದು.

ಈಗ ತಪಸ್ಸಿನ ವಿಷಯ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ತಪಸ್ಸನ್ನು ಬಾಹ್ಯ ಆರು, ಆಭ್ಯಂತರ ಆರು ಎಂದು ಹನ್ನೆರಡು ಬಗೆಯಾಗಿ ವಿಂಗಡಿಸುತ್ತದೆ. ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ, ಕಾಯಕ್ಲೇಶ ಇವು ಬಾಹ್ಯ. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ ಇವು ಆಭ್ಯಂತರ. ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ಕಾದಂಬರಿಯ ಎರಡನೆಯ ಅಧ್ಯಾಯವನ್ನು ಮತ್ತೊಮ್ಮೆ ಓದಿದರೆ ಒಂದು ಸಂಗತಿ ಎದ್ದುಕಾಣುತ್ತದೆ. ಅಲ್ಲಿ ಅನಶನವಿದೆ, ಕಾಯಕ್ಲೇಶವಿದೆ, ಒಂದು ಬಗೆಯ ಧ್ಯಾನವೂ ಇದೆ. ಆದರೆ ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತವಿಲ್ಲ, ಗುರುವನ್ನು ವಶೀಕರಿಸಿ ಹೊರಡುವ ಶಿಷ್ಯನಲ್ಲಿ ವಿನಯವಿಲ್ಲ, ರೋಗಿಯ, ವೃದ್ಧನ ಸೇವೆಯೆಂಬ ವೈಯಾವೃತ್ಯವಿಲ್ಲ, ಸ್ವಾಧ್ಯಾಯವಿಲ್ಲ. ಹಿರಿಯ ಶ್ರಮಣನು ಅರವತ್ತು ವರ್ಷದ ವಯಸ್ಸಿನಲ್ಲಿಯೂ ಕ್ರೋಧವನ್ನು ಗೆದ್ದಿಲ್ಲ. ಒಟ್ಟಿನಲ್ಲಿ ಅದು ತಪಸ್ಸಿನ ಹೊರಗಿನ ಸಿಪ್ಪೆ. ಒಳಗಿನ ತಿರುಳು ಅಲ್ಲಿಲ್ಲ.

ಇದಕ್ಕಿಂತ ಮುಖ್ಯವಾದ ಕೊರತೆ ಇನ್ನೊಂದಿದೆ. ಸಿದ್ಧಾರ್ಥನು ಧ್ಯಾನಬಲದಿಂದ ಒಂದು ಕೊಕ್ಕರೆಯ ಒಳಹೊಕ್ಕು ಅದರ ಹಸಿವನ್ನು ಅನುಭವಿಸುತ್ತಾನೆ, ಸತ್ತ ನರಿಯ ದೇಹದೊಳಗೆ ಸೇರಿ ಅದು ಕೊಳೆಯುವುದನ್ನು ಅನುಭವಿಸುತ್ತಾನೆ. ಕಲ್ಪನೆಯ ದೃಷ್ಟಿಯಿಂದ ಅದ್ಭುತವಾದ ಪುಟಗಳಿವು. ಆದರೆ ಮತ್ತೊಂದು ಜೀವದ ನೋವನ್ನು ಒಳಹೊಕ್ಕು ತಿಳಿದವನಲ್ಲಿ ಆ ಜೀವಕ್ಕೆ ತನ್ನಿಂದ ನೋವಾಗಬಾರದೆಂಬ ಸಂಕಲ್ಪ ಹುಟ್ಟುವುದಿಲ್ಲ. ಅನುಭವವಿದೆ, ವ್ರತವಿಲ್ಲ. ಶ್ರಮಣಧರ್ಮದಲ್ಲಿ ತಪಸ್ಸಿನ ಮೊದಲ ಮೆಟ್ಟಿಲು ಅಹಿಂಸಾ ಮಹಾವ್ರತ. ಅದಿಲ್ಲದ ಉಪವಾಸ ಹಸಿವು ಮಾತ್ರ. ಗಾಡಿ ಹೊಡೆಯುವವನ ಹೆಂಡಕ್ಕೂ ಈ ತಪಸ್ಸಿಗೂ ಭೇದವಿಲ್ಲವೆಂದು ಸಿದ್ಧಾರ್ಥನು ಹೇಳುವುದು ಅವನು ಕಂಡ ತಪಸ್ಸಿನ ಮಟ್ಟಿಗೆ ನಿಜವೇ ಆಗಿದೆ.

ಹಾಗಾದರೆ ಹಿನ್ನೆಲೆಯ ಅಧ್ಯಯನವು ಕಾದಂಬರಿಯನ್ನು ಸೋಲಿಸಿತೇ? ಇಲ್ಲಿಗೆ ನಿಲ್ಲಿಸಿದರೆ ಅದು ವಕೀಲಿಯಾದೀತು, ವಿಮರ್ಶೆಯಾಗದು. ಹೆಸ್ಸೆ ಎತ್ತಿದ ಪ್ರಶ್ನೆಯನ್ನು ನಮ್ಮ ಪರಂಪರೆಯೇ ಅವನಿಗಿಂತ ಬಹಳ ಹಿಂದೆ ಎತ್ತಿದೆಯೆಂಬುದನ್ನು ನಾವು ಕಾಣಬೇಕು. ಸಮ್ಯಗ್ದರ್ಶನವಿಲ್ಲದ ತಪಸ್ಸಿಗೆ ನಮ್ಮ ಶಾಸ್ತ್ರಕಾರರು ‘ಬಾಲತಪ’ವೆಂದು ಹೆಸರಿಟ್ಟರು. ಅದು ದೇವಗತಿಗೆ ಕಾರಣವಾದೀತು, ಮೋಕ್ಷಕ್ಕೆ ಅಲ್ಲವೆಂದು ಸ್ಪಷ್ಟಪಡಿಸಿದರು. ಇನ್ನು ಬಾಹುಬಲಿಯ ಕಥೆಯಂತೂ ಪ್ರತಿಯೊಬ್ಬ ಕನ್ನಡ ಶ್ರಾವಕನಿಗೂ ತಿಳಿದದ್ದು. ಆ ಮಹಾಪುರುಷನು ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತನು. ಹುತ್ತಗಳೆದ್ದವು, ಬಳ್ಳಿಗಳು ಹಬ್ಬಿದವು. ಆದರೂ ಅಣ್ಣನಾದ ಭರತನನ್ನು ಕುರಿತ ಒಂದು ಸೂಕ್ಷ್ಮವಾದ ಭಾವ ಅಂತರಂಗದಲ್ಲಿ ಉಳಿದಿತ್ತು. ಅದು ಯಾವ ಬಗೆಯ ಭಾವವೆಂಬುದನ್ನು ಬೇರೆಬೇರೆ ಕಥನಗಳು ಬೇರೆಬೇರೆಯಾಗಿ ಹೇಳುತ್ತವೆ. ಅದು ಕಳೆಯುವವರೆಗೆ ಕೇವಲಜ್ಞಾನ ಉದಿಸಲಿಲ್ಲವೆಂಬುದರಲ್ಲಿ ಭೇದವಿಲ್ಲ. ಕ್ರಿ.ಶ. 941ರ ಪಂಪನ ‘ಆದಿಪುರಾಣ’ವನ್ನು ಓದಿದವರು, 981ರಲ್ಲಿ ಚಾವುಂಡರಾಯನು ಬೆಳ್ಗೊಳದಲ್ಲಿ ನಿಲ್ಲಿಸಿದ ಮೂರ್ತಿಯ ಮುಂದೆ ಕೈಮುಗಿದವರು, ಹೊರಗಿನ ತಪಸ್ಸು ಒಂದೇ ಸಾಲದೆಂಬ ಪಾಠವನ್ನು ಹೆಸ್ಸೆಯಿಂದ ಕಲಿಯಬೇಕಾಗಿಲ್ಲ.

ಆದರೆ ಆ ಪಾಠದ ಮುಂದಿನ ಹೆಜ್ಜೆಯಲ್ಲಿ ಎರಡು ದಾರಿಗಳು ಬೇರೆಯಾಗುತ್ತವೆ. ‘ನಾನು’ ಎಂಬುದು ತಪಸ್ಸಿನೊಳಗೂ ಅಡಗಿ ಕುಳಿತಿರುವುದನ್ನು ಕಂಡ ಹೆಸ್ಸೆಯ ನಾಯಕನು ತಪಸ್ಸನ್ನೇ ಬಿಟ್ಟು ಭೋಗದ ಕಡೆಗೆ ನಡೆಯುತ್ತಾನೆ. ಬಾಹುಬಲಿಯಾದರೋ ತಪಸ್ಸನ್ನು ಬಿಡಲಿಲ್ಲ. ಉಳಿದಿದ್ದ ಭಾವವನ್ನು ಬಿಟ್ಟನು. ಈ ಎರಡು ಕಥೆಗಳನ್ನು ಎದುರುಬದುರಾಗಿ ಇಟ್ಟು ಓದಿಸಿದರೆ ವಿದ್ಯಾರ್ಥಿಗೆ ಎರಡೂ ಹೆಚ್ಚು ಸ್ಪಷ್ಟವಾಗುತ್ತವೆ. ಯಾವುದು ಮೇಲು ಎಂಬ ತೀರ್ಪನ್ನು ಅಧ್ಯಾಪಕನು ಅವಸರದಿಂದ ಕೊಡಬೇಕಾಗಿಲ್ಲ.

ಕಾದಂಬರಿಯ ವ್ಯಾಪಾರದ ಅಧ್ಯಾಯಗಳಿಗೂ ಇದೇ ಮಾತು ಸಲ್ಲುತ್ತದೆ. ಸಿದ್ಧಾರ್ಥನ ಬಾಳು ಎರಡು ತುದಿಗಳ ನಡುವೆ ತೂಗಾಡುತ್ತದೆ. ಸರ್ವತ್ಯಾಗ, ಇಲ್ಲವೇ ಮಿತಿಯಿಲ್ಲದ ಭೋಗ. ಕಾಮಸ್ವಾಮಿಯ ಅಂಗಡಿಯಲ್ಲಿ ಗಳಿಕೆಗೊಂದು ಎಲ್ಲೆಯನ್ನು ಹಾಕಿಕೊಳ್ಳುವ ಯೋಚನೆ ಯಾರಿಗೂ ಬರುವುದಿಲ್ಲ. ಪರಿಗ್ರಹಕ್ಕೆ ಪರಿಮಾಣವನ್ನು ಗೊತ್ತುಮಾಡಿಕೊಂಡು, ಐದು ಅಣುವ್ರತ, ಮೂರು ಗುಣವ್ರತ, ನಾಲ್ಕು ಶಿಕ್ಷಾವ್ರತಗಳೊಡನೆ ವ್ಯಾಪಾರವನ್ನೂ ಸಂಸಾರವನ್ನೂ ನಡೆಸುವ ಶ್ರಾವಕಮಾರ್ಗವೊಂದು ಅದೇ ಭಾರತದಲ್ಲಿ ಇದ್ದಿತೆಂಬುದು ಈ ಕಾದಂಬರಿಯ ನಕ್ಷೆಯಲ್ಲಿ ಕಾಣಿಸದು. ಆ ಮಾರ್ಗದ ಅರಿವಿರುವ ಓದುಗನು ಮಾತ್ರ ಅಂಬಿಗ ವಾಸುದೇವನ ಬೆಲೆಯನ್ನು ಸರಿಯಾಗಿ ಕಟ್ಟಬಲ್ಲನು. ಹೆಂಡತಿಯೊಡನೆ ಬಾಳಿ, ಅವಳನ್ನು ಕಳೆದುಕೊಂಡು, ದಿನವೂ ದೋಣಿ ನಡೆಸಿ ಜನರನ್ನು ದಾಟಿಸುತ್ತ, ಮಿತವಾಗಿ ಮಾತಾಡುತ್ತ, ಇತರರ ಮಾತನ್ನು ಪೂರ್ಣವಾಗಿ ಆಲಿಸುವ ಈ ಗೃಹಸ್ಥನೇ ಕೃತಿಯಲ್ಲಿ ಸಂಯಮದ ನಿಜವಾದ ಮೂರ್ತಿ. ಹೆಸ್ಸೆ ಶ್ರಮಣರಲ್ಲಿ ಕಾಣದೆ ಹೋದದ್ದನ್ನು ಅಂಬಿಗನಲ್ಲಿ ಕಂಡಿದ್ದಾನೆ. ಹಿನ್ನೆಲೆಯ ಅಧ್ಯಯನವು ಕೃತಿಯ ಕೊರತೆಯನ್ನಷ್ಟೇ ಅಲ್ಲ, ಅದರ ಸಿರಿಯನ್ನೂ ಹೀಗೆ ತೋರಿಸಿಕೊಡುತ್ತದೆ.

ಆದರೆ ಹಿನ್ನೆಲೆಯ ಜ್ಞಾನಕ್ಕೂ ಅತಿರೇಕವುಂಟು. ಕಾದಂಬರಿಯ ಮೊದಲ ಭಾಗದಲ್ಲಿ ನಾಲ್ಕು, ಎರಡನೆಯ ಭಾಗದಲ್ಲಿ ಎಂಟು ಅಧ್ಯಾಯಗಳಿರುವುದನ್ನು ಕಂಡು, ಇವು ಬುದ್ಧನ ನಾಲ್ಕು ಆರ್ಯಸತ್ಯಗಳು ಮತ್ತು ಅಷ್ಟಾಂಗಮಾರ್ಗವೆಂದು ವಾದಿಸಿದ ವಿಮರ್ಶಕರಿದ್ದಾರೆ. ಸಂಖ್ಯೆ ಹೊಂದುತ್ತದೆ; ಆದರೆ ಗಣಿಕೆಯ ಅಧ್ಯಾಯವನ್ನೂ ಜೂಜಿನ ಅಧ್ಯಾಯವನ್ನೂ ಅಷ್ಟಾಂಗಮಾರ್ಗದ ಒಂದೊಂದು ಅಂಗಕ್ಕೆ ಹೊಂದಿಸಲು ಹೊರಟರೆ ಅರ್ಥವನ್ನು ಬಹಳ ಎಳೆಯಬೇಕಾಗುತ್ತದೆ. ಹಾಗೆಯೇ ಭಗವಾನ್ ಮಹಾವೀರರ ತಂದೆಯ ಹೆಸರೂ ಸಿದ್ಧಾರ್ಥನೆಂಬುದು ನಮ್ಮ ಮಕ್ಕಳಿಗೆ ಥಟ್ಟನೆ ಹೊಳೆಯುತ್ತದೆ. ಹೊಳೆಯುವುದು ಸಂತೋಷವೇ, ಆದರೆ ಹೆಸ್ಸೆಯ ಮನಸ್ಸಿನಲ್ಲಿದ್ದುದು ಬುದ್ಧನ ಪೂರ್ವಾಶ್ರಮದ ಹೆಸರು, ಮತ್ತು ‘ಗುರಿಯನ್ನು ಸಾಧಿಸಿದವನು’ ಎಂಬ ಅದರ ಅರ್ಥ. ಹೆಸರಿನ ಸಾಮ್ಯದ ಮೇಲೆ ವಾದವನ್ನು ಕಟ್ಟಬಾರದು.

ಇದಕ್ಕಿಂತ ಸೂಕ್ಷ್ಮವಾದ ಪ್ರಲೋಭನೆ ಕೊನೆಯ ಅಧ್ಯಾಯದಲ್ಲಿದೆ. ವೃದ್ಧನಾದ ಸಿದ್ಧಾರ್ಥನು ಗೋವಿಂದನಿಗೆ, ಪ್ರತಿಯೊಂದು ಸತ್ಯದ ವಿರುದ್ಧವಾದುದೂ ಅಷ್ಟೇ ಸತ್ಯವೆಂದು ಹೇಳುತ್ತಾನೆ. ಇದನ್ನು ಓದಿದೊಡನೆ ‘ಇದು ನಮ್ಮ ಸ್ಯಾದ್ವಾದವೇ’ ಎಂದು ಹಿಗ್ಗುವವರುಂಟು. ಅಲ್ಲ. ಸ್ಯಾದ್ವಾದವು ಎಲ್ಲ ಮಾತುಗಳೂ ಸಮಾನವಾಗಿ ನಿಜವೆಂದು ಹೇಳುವುದಿಲ್ಲ. ಯಾವ ಅಪೇಕ್ಷೆಯಿಂದ ನಿಜವೆಂಬುದನ್ನು ತಿಳಿಸೆಂದು ಕೇಳುತ್ತದೆ. ದ್ರವ್ಯದೃಷ್ಟಿಯಿಂದ ಆತ್ಮವು ನಿತ್ಯ, ಪರ್ಯಾಯದೃಷ್ಟಿಯಿಂದ ಅನಿತ್ಯ. ಅಪೇಕ್ಷೆಯನ್ನು ಬಿಟ್ಟರೆ ಸ್ಯಾದ್ವಾದವೂ ಇಲ್ಲ. ಅದೇ ಸಂಭಾಷಣೆಯಲ್ಲಿ ಸಿದ್ಧಾರ್ಥನು ಒಂದು ಕಲ್ಲನ್ನು ಕೈಗೆತ್ತಿಕೊಂಡು, ಇದು ಮುಂದೆ ಮನುಷ್ಯನೂ ಬುದ್ಧನೂ ಆಗಬಹುದೆಂಬ ಕಾರಣಕ್ಕಲ್ಲ, ಈಗಾಗಲೇ ಎಲ್ಲವೂ ಆಗಿದೆಯೆಂಬ ಕಾರಣಕ್ಕೆ ಅದನ್ನು ಪ್ರೀತಿಸುತ್ತೇನೆನ್ನುತ್ತಾನೆ. ಪೃಥ್ವೀಕಾಯದಲ್ಲಿ ಏಕೇಂದ್ರಿಯ ಜೀವವನ್ನು ಕಾಣುವ ನಮಗೆ ಇದು ಆಪ್ತವೆನಿಸುತ್ತದೆ. ಆದರೆ ಅವನ ಪಾಲಿಗೆ ಕಾಲವೆಂಬುದು ಭ್ರಮೆ; ನಮ್ಮಲ್ಲಿ ಕಾಲವು ಆರು ದ್ರವ್ಯಗಳಲ್ಲೊಂದು. ಅವನ ಕಲ್ಲು ಈಗಲೇ ಪೂರ್ಣ. ನಮ್ಮ ಜೀವ ಪುರುಷಾರ್ಥದಿಂದ, ಕರ್ಮನಿರ್ಜರೆಯಿಂದ ಪೂರ್ಣವಾಗಬೇಕು. ಪರರ ಗ್ರಂಥದಲ್ಲಿ ನಮ್ಮ ತತ್ತ್ವವನ್ನು ಬಲವಂತವಾಗಿ ಕಾಣುವುದೂ, ಪರರು ನಮ್ಮನ್ನು ತಪ್ಪಾಗಿ ಕಾಣುವಷ್ಟೇ ದೊಡ್ಡ ಪ್ರಮಾದ.

ಅನೇಕಾಂತವನ್ನು ನಾವು ಇಲ್ಲಿ ಬಳಸಬಹುದಾದ ಸರಿಯಾದ ರೀತಿ ಬೇರೊಂದಿದೆ. ಲೇಖಕನ ಜೀವನ ಒಂದು ನಯ, ಶ್ರಮಣಪರಂಪರೆಯ ಇತಿಹಾಸ ಇನ್ನೊಂದು ನಯ, ಕೃತಿಯ ರೂಪ ಮತ್ತು ಭಾಷೆ ಮತ್ತೊಂದು. ಒಂದೊಂದೂ ವಸ್ತುವಿನ ಒಂದೊಂದು ಮುಖವನ್ನು ತೋರಿಸುತ್ತದೆ. ‘ಇದೊಂದೇ ಸತ್ಯ’ ಎಂದು ಹಟ ಹಿಡಿದಾಗ ನಯವು ದುರ್ನಯವಾಗುತ್ತದೆ. ಕಾಲ್ವ್ ಪಟ್ಟಣದ ಹುಡುಗನನ್ನು ಮಾತ್ರ ಕಂಡವನಿಗೆ ಭಾರತವು ಬರಿಯ ಪರದೆಯಾಗುತ್ತದೆ. ತತ್ತ್ವಾರ್ಥಸೂತ್ರವನ್ನು ಮಾತ್ರ ಹಿಡಿದವನಿಗೆ ಕಾದಂಬರಿಯು ತಪ್ಪುಗಳ ಪಟ್ಟಿಯಾಗುತ್ತದೆ. ಶೈಲಿಯ ಸೊಗಸನ್ನು ಮಾತ್ರ ಸವಿದವನಿಗೆ ಶ್ರಮಣರಿಗಾದ ಅನ್ಯಾಯ ಕಾಣುವುದೇ ಇಲ್ಲ.

ಆದಕಾರಣ ವಿದ್ಯಾರ್ಥಿಗೆ ನಾವು ಹೇಳಬೇಕಾದ ಕ್ರಮವಿದು. ಮೊದಲು ಕೃತಿಯನ್ನು ಯಾವ ಟಿಪ್ಪಣಿಯ ನೆರವೂ ಇಲ್ಲದೆ ಒಮ್ಮೆ ಪೂರ್ಣವಾಗಿ ಓದಬೇಕು. ಎಲ್ಲಿ ಮನಸ್ಸು ತಡೆಯಿತೋ ಅಲ್ಲಿ ಗುರುತು ಮಾಡಿಕೊಳ್ಳಬೇಕು. ಹಿನ್ನೆಲೆಯನ್ನು ಹುಡುಕುವುದು ಆ ಗುರುತುಗಳಿಂದ ಹುಟ್ಟಬೇಕು. ಲೇಖಕನು ಏನನ್ನು ಓದಿದ್ದನು, ಏನನ್ನು ಕಂಡಿದ್ದನು, ಏನು ಅವನಿಗೆ ದೊರೆತಿರಲಿಲ್ಲ ಎಂಬುದನ್ನು ಇಸವಿಗಳೊಡನೆ ಗೊತ್ತುಮಾಡಿಕೊಳ್ಳಬೇಕು. ಕಥೆಯಲ್ಲಿ ಬರುವ ಪಂಥವನ್ನು ಕುರಿತು ಆ ಪಂಥದವರೇ ಬರೆದ ಒಂದು ಗ್ರಂಥವನ್ನಾದರೂ ನೋಡಬೇಕು. ಅನಂತರ ಮತ್ತೆ ಕೃತಿಗೆ ಮರಳಿ, ತಾನು ಕಲಿತದ್ದರಿಂದ ಯಾವ ಪುಟದ ಅರ್ಥ ಬದಲಾಯಿತೆಂದು ಕೇಳಿಕೊಳ್ಳಬೇಕು. ಯಾವ ಪುಟವನ್ನೂ ಬದಲಿಸದ ಹಿನ್ನೆಲೆ ಎಷ್ಟೇ ಸ್ವಾರಸ್ಯವಾಗಿದ್ದರೂ ಅದನ್ನು ಬದಿಗಿಡಬೇಕು.

ಕುಟುಂಬಗಳ ಮತ್ತು ಬಸದಿಗಳ ಧರ್ಮದರ್ಶಿಗಳ ಹೊಣೆಯೂ ಇಲ್ಲಿ ಬರುತ್ತದೆ. ಮಗುವು ಶಾಲೆಯಿಂದ ಬಂದು ‘ಶ್ರಮಣರೆಂದರೆ ಯಾರು? ಉಪವಾಸ ಏಕೆ?’ ಎಂದು ಕೇಳಿದಾಗ, ‘ಅದು ನಮ್ಮ ಸಂಪ್ರದಾಯ’ ಎಂಬ ಉತ್ತರ ಸಾಲದು. ತಿಳಿಯದ ಹಿರಿಯರು ‘ಕೂಡಿ ಓದೋಣ’ ಎಂದರೆ ಅದೇ ಸ್ವಾಧ್ಯಾಯ; ಅದೂ ಆಭ್ಯಂತರ ತಪಸ್ಸೇ. ನಮ್ಮ ಎಷ್ಟೋ ಬಸದಿಗಳಲ್ಲಿ ಗ್ರಂಥಗಳ ಬೀರುಗಳಿವೆ, ಬೀಗಗಳೂ ಇವೆ. ಮೂಡುಬಿದಿರೆಯಲ್ಲಿ ಧವಳಾದಿ ಸಿದ್ಧಾಂತಗ್ರಂಥಗಳ ತಾಡವೋಲೆಗಳು ಶತಮಾನಗಳ ಕಾಲ ಸುರಕ್ಷಿತವಾಗಿ ಉಳಿದದ್ದು ನಮ್ಮ ಪೂರ್ವಿಕರ ಜಾಗರೂಕತೆಯಿಂದ. ಅವು ಲೋಕಕ್ಕೆ ಉಪಯೋಗವಾದದ್ದು ಪ್ರತಿಮಾಡಿಸಿ ಅಚ್ಚು ಹಾಕಿಸಿದ ಬಳಿಕ. ಕಾಪಾಡುವುದೂ ಹಂಚುವುದೂ ಎರಡೂ ಶಾಸ್ತ್ರದಾನದ ಅಂಗಗಳು. ತತ್ತ್ವಾರ್ಥಸೂತ್ರದ ಒಂದು ಸರಳ ಕನ್ನಡ ವ್ಯಾಖ್ಯಾನ, ‘ಆದಿಪುರಾಣ’ದ ಒಂದು ಗದ್ಯಾನುವಾದ, ಶ್ರವಣಬೆಳ್ಗೊಳದ ಶಾಸನಗಳ ಸಂಪುಟ, ಇವುಗಳ ಪಕ್ಕದಲ್ಲಿಯೇ ‘ಸಿದ್ಧಾರ್ಥ’ದಂಥ ಕೃತಿ, ಇಷ್ಟನ್ನು ಭಾನುವಾರದ ಎರಡು ಗಂಟೆ ವಿದ್ಯಾರ್ಥಿಗಳಿಗಾಗಿ ತೆರೆದಿಡುವುದು ಯಾವ ಬಸದಿಗೂ ಭಾರವಾಗದು. ಹೆಸ್ಸೆಯನ್ನು ಬಸದಿಯಲ್ಲಿ ಇಡಬಹುದೇ ಎಂದು ಸಂಕೋಚಪಡುವವರು, ಆ ಪುಸ್ತಕವನ್ನು ನಮ್ಮ ಮಕ್ಕಳು ಹೇಗೂ ಓದುತ್ತಾರೆಂಬುದನ್ನು ನೆನೆಯಲಿ. ಒಂಟಿಯಾಗಿ ಓದಬೇಕೇ, ನಮ್ಮ ಗ್ರಂಥಗಳ ಜೊತೆಯಲ್ಲಿಟ್ಟು ಓದಬೇಕೇ ಎಂಬುದಷ್ಟೇ ನಮ್ಮ ಕೈಯಲ್ಲಿದೆ.

ಹೆಸ್ಸೆ 1946ರಲ್ಲಿ ನೊಬೆಲ್ ಪಾರಿತೋಷಿಕವನ್ನು ಪಡೆದು, 1962ರಲ್ಲಿ ತೀರಿಕೊಂಡನು. ಪಾದ್ರಿಗಳ ಮನೆಯ ಹುಡುಗನೊಬ್ಬನು ಪರಧರ್ಮದ ಸತ್ಯವನ್ನು ಹೀಗಳೆಯದೆ ಅರಸಿಕೊಂಡು ಹೊರಟನೆಂಬುದು ದೊಡ್ಡ ಮಾತು. ಅವನ ದಾರಿಯಲ್ಲಿ ಶ್ರಮಣರ ಆಶ್ರಮವೊಂದು ಮಬ್ಬಾಗಿ ಕಂಡಿತು; ಅಲ್ಲಿ ದೀಪವಿದ್ದುದು ಅವನಿಗೆ ಕಾಣಲಿಲ್ಲ. ಆ ದೀಪವನ್ನು ತರಗತಿಯಲ್ಲಿ ಜಗಳವಿಲ್ಲದೆ, ನಾಚಿಕೆಯಿಲ್ಲದೆ, ಆಧಾರಸಹಿತವಾಗಿ ತೋರಿಸಬಲ್ಲ ಒಬ್ಬ ವಿದ್ಯಾರ್ಥಿಯನ್ನು ನಮ್ಮ ಮನೆಗಳೂ ಬಸದಿಗಳೂ ಸಿದ್ಧಗೊಳಿಸಿದರೆ, ಅವನ ಸಹಪಾಠಿಗಳಿಗೂ ಅಧ್ಯಾಪಕರಿಗೂ ಆ ಕಾದ೦ಬರಿಯು ಮೊದಲಿಗಿಂತ ದೊಡ್ಡದಾಗಿ ಕಾಣುವುದು.